ಸುಡದೆ ಉಳಿದ ಮನೆ

ಮನೆಯಿಂದ,
ಜುಲೈ ೧೭

ನನ್ನ ಪುಟ್ಟಕ್ಕನಿಗೆ,

ನಿನ್ನ ಎರಡು ಕಾಗದಗಳೂ ಬಂದವು. ಮೊದಲನೆಯದಕ್ಕೇ ಉತ್ತರ ಬರೆಯಬೇಕಿತ್ತು, ಬರೆಯಲಿಲ್ಲ. ಎರಡನೆಯದು ಬಂದ ಮೇಲೂ ಇವತ್ತು ನಾಳೆ ಅಂತ ತಳ್ಳಿದೆ. ಅಮ್ಮನಿಗೆ ಕೆಲಸ ಜಾಸ್ತಿ ಅಂತ ನೀನು ಅಂದುಕೊಂಡಿದ್ದರೆ ಅದು ನಿನ್ನ ಒಳ್ಳೆಯತನ. ಈಗ ನನಗಿರುವ ಕೆಲಸ ಎಷ್ಟು ಅಂತ ಅಪ್ಪ ಫೋನಿನಲ್ಲಿ ಹೇಳಿರುತ್ತಾರೆ. ತಪ್ಪಾಯಿತು, ಕ್ಷಮಿಸಿಬಿಡು.

ನಾವಿಬ್ಬರೂ ಉಂಡು, ಮಲಗಿ, ಎದ್ದು ಇದ್ದೇವೆ. ಕ್ಷೇಮ ಎಂಬ ಮಾತು ಬರೆಯುವಾಗ ಪೆನ್ನು ಸ್ವಲ್ಪ ತಡೆಯುತ್ತದೆ, ಅಷ್ಟೆ. ಅಪ್ಪನ ಮಂಡಿನೋವು ಹಾಗೇ ಇದೆ. ನಿಂತು ಕೆಲಸ ಮಾಡಬೇಡಿ ಅಂತ ಡಾಕ್ಟರು ಹೇಳಿದ್ದಕ್ಕೆ, ಕೂತುಕೊಂಡು ಬಾಗಿಲು ಮಾಡುವ ಬಡಗಿ ಯಾರಾದರೂ ಇದ್ದರೆ ನೀವೇ ಹುಡುಕಿಕೊಡಿ ಅಂತ ಹೇಳಿ ಎದ್ದು ಬಂದರಂತೆ.

ನಿನ್ನ ಕಾಗದಗಳಲ್ಲಿ ಹಾಸ್ಟೆಲ್ಲಿನ ಸೋರುವ ನಲ್ಲಿ, ಬೆಳಗಿನ ಓಟ, ದಿಕ್ಸೂಚಿ ಕೈಯಲ್ಲಿ ಹಿಡಿದೂ ಕಾಡಿನಲ್ಲಿ ದಾರಿ ತಪ್ಪಿದ್ದು, ಎಲ್ಲ ಇತ್ತು. ಓದಿ ನಕ್ಕೆ. ಬೆಂಕಿಯ ವಿಷಯ ಮಾತ್ರ ಒಂದಕ್ಷರ ಕೇಳಿಲ್ಲ. ಅರಣ್ಯ ತರಬೇತಿ ಕಾಲೇಜಿನಲ್ಲಿ ಓದುವವಳು, ಅರಣ್ಯ ಅಧಿಕಾರಿಯ ಮಗಳು, ತಾನು ಹುಟ್ಟಿ ಬೆಳೆದ ಬೀದಿ ಸುಟ್ಟುಹೋದದ್ದನ್ನು ಕೇಳುವುದಿಲ್ಲ ಅಂದರೆ ಅದು ಮರೆವಲ್ಲ. ಪತ್ರಿಕೆಯಲ್ಲಿ ಬಂದದ್ದನ್ನು ನೀನು ಓದಿದ್ದೀ. ಪರೀಕ್ಷೆ ಬಿಟ್ಟು ಬರಬೇಡ, ರಸ್ತೆ ಮುಚ್ಚಿದ್ದಾರೆ ಅಂತ ಆಗ ಅಪ್ಪ ತಡೆದರು. ಆಮೇಲೆ ನೀನೂ ನಾನೂ ಫೋನಿನಲ್ಲಿ ಹವಾಮಾನ, ಕೆಮ್ಮು, ಪರೀಕ್ಷೆ ಅಂತ ಮಾತಾಡಿ ಇಡುವುದೇ ರೂಢಿಯಾಯಿತು. ನಡೆದದ್ದನ್ನು ನನ್ನ ಬಾಯಿಂದ ನೀನು ಕೇಳಿಲ್ಲ. ಇವತ್ತು ಅದನ್ನೇ ಬರೆಯಬೇಕು ಅಂತ ಕೂತಿದ್ದೇನೆ.

ನಿನ್ನ ಅಜ್ಜನಿಂದ ಶುರು ಮಾಡದಿದ್ದರೆ ನನಗೆ ಹೇಳಲು ಬರುವುದಿಲ್ಲ. ಅವರು ಕಾಡಿನ ಬೆಂಕಿ ಕಾಯುವ ಗೋಪುರದ ಕಾವಲಿಗೆ ಸೇರುವ ಮುಂಚೆ ನಮ್ಮ ಬೆಟ್ಟದಲ್ಲಿ ಬೆಂಕಿ ಅಂದರೆ ಯಾರೂ ಹೌಹಾರುತ್ತಿರಲಿಲ್ಲವಂತೆ. ಕುರಿ ದನ ಮೇಯಿಸುವವರು ಚಳಿ ಮುಗಿಯುವ ಹೊತ್ತಿಗೆ, ಇಬ್ಬನಿ ಇನ್ನೂ ಬೀಳುತ್ತಿರುವಾಗಲೇ, ಒಣಹುಲ್ಲಿಗೆ ಅಲ್ಲಲ್ಲಿ ಕಿಡಿ ತಾಗಿಸುತ್ತಿದ್ದರು. ಬೆಂಕಿ ಮೊಣಕಾಲೆತ್ತರಕ್ಕೆ ಹರಿದಾಡಿ ಸಂಜೆಯ ತಂಪಿಗೆ ತಾನೇ ಸತ್ತುಹೋಗುತ್ತಿತ್ತು. ಆಮೇಲೆ ಒಂದು ಬೇಸಿಗೆಯಲ್ಲಿ ಸರ್ಕಾರ ಬೆಳೆಸಿದ್ದ ದೊಡ್ಡ ತೋಪೇ ಉರಿದುಹೋಯಿತು. ಅಲ್ಲಿಂದ ಬೆಂಕಿ ಕಳ್ಳನಾಯಿತು, ನಾವು ಪೊಲೀಸರಾದೆವು. ಗೋಪುರಗಳು ಎದ್ದವು, ಗೋಪುರದಿಂದ ಕಚೇರಿಗೆ ಟೆಲಿಫೋನ್ ತಂತಿ ಬಂತು, ಬೆಟ್ಟದುದ್ದಕ್ಕೂ ಗಿಡ ಕಡಿದು ಕಿಚ್ಚು ದಾಟದಂತೆ ಬೆಂಕಿ ರೇಖೆ ಬಿಡಿಸಿದರು. ಬೇಸಿಗೆಯಲ್ಲಿ ಬೆಂಕಿಪೊಟ್ಟಣ ಇಟ್ಟುಕೊಂಡು ಕಾಡಿಗೆ ಹೋದವನಿಗೆ ಜೈಲು. ಇವತ್ತು ಕಂಡ ಹೊಗೆ ನಾಳೆ ಬೆಳಕು ಹರಿಯುವುದರೊಳಗೆ ಆರಿರಬೇಕು ಅಂತ ಹುಕುಂ. ನಮಗೆ ಶಾಲೆಯಲ್ಲಿ ದಿನಾ ಕೈ ಮುಂದೆ ಚಾಚಿ ಪ್ರತಿಜ್ಞೆ ಮಾಡಿಸುತ್ತಿದ್ದರು, ಕಾಡಿಗೆ ಕಿಡಿ ತಾಗಿಸೆನು, ತಾಗಿಸುವವರನ್ನು ಬಿಡೆನು ಅಂತ. ದುರ್ಬೀನು ಹಿಡಿದು ಮೋಡಕ್ಕೆ ಹತ್ತಿರ ಕೂರುವ ನನ್ನಪ್ಪ ಅಂದರೆ ನನಗೆ ದೇವರ ಪಕ್ಕದ ಮನೆಯವರು.

ಹೀಗೆ ಒಂದು ತಲೆಮಾರು ಪೂರ್ತಿ ಸಣ್ಣ ಬೆಂಕಿಗಳನ್ನೆಲ್ಲ ಆರಿಸುತ್ತಾ ಬಂದೆವು. ಬಿದ್ದ ಎಲೆ ಬಿದ್ದಲ್ಲೇ, ಮುರಿದ ಕೊಂಬೆ ಮುರಿದಲ್ಲೇ ಉಳಿಯಿತು. ಕಾಲಿಟ್ಟರೆ ಮೊಣಕಾಲು ಹೂತುಹೋಗುವಷ್ಟು ತರಗು. ಅದರ ಮೇಲೆ ಬಂದ ಬೆಂಕಿಗಳು ನೆಲದಲ್ಲಿ ಹರಿಯುವ ಬೆಂಕಿಗಳಾಗಿರಲಿಲ್ಲ. ಮರದ ನೆತ್ತಿಯಿಂದ ನೆತ್ತಿಗೆ ಹಾರುವಂಥವು. ನಿನ್ನ ಅಜ್ಜ ಕೊನೆಗಾಲದಲ್ಲಿ ಅಂಥದ್ದೊಂದನ್ನು ದೂರದಿಂದ ನೋಡಿ, "ಇದು ಹೊತ್ತಿಕೊಂಡ ಬೆಂಕಿ ಅಲ್ಲ ಕಣೆ, ನಾವು ಕೂಡಿಟ್ಟಿದ್ದು" ಅಂದರು. ನನ್ನ ಇಡೀ ನೌಕರಿ ಆ ಒಂದು ಮಾತಿನ ಹಿಂದೆ ಹೋಯಿತು ಅನ್ನಬಹುದು. ಚಳಿ ಮುಗಿಯುವ ಹೊತ್ತಿಗೆ ನಾವೇ ಹದವಾಗಿ ಸುಟ್ಟು ಆ ತರಗನ್ನು ತೆಗೆದುಬಿಡಬೇಕು, ಬೇಸಿಗೆಯ ದೊಡ್ಡ ಬೆಂಕಿಗೆ ತಿನ್ನಲು ಏನೂ ಉಳಿಸಬಾರದು ಅಂತ ವರ್ಷಗಟ್ಟಲೆ ಕಚೇರಿಯಲ್ಲಿ ಕೂಗಾಡಿದೆ. ಅರಣ್ಯ ಇಲಾಖೆಯವಳೇ ಕಾಡಿಗೆ ಕಡ್ಡಿ ಗೀರುತ್ತೇನೆ ಅಂದರೆ ಯಾರು ಒಪ್ಪುತ್ತಾರೆ? ನನ್ನ ಮೇಲಿನ ದೊಡ್ಡ ಸಾಹೇಬರು ಕೊನೆಗೆ ನನ್ನ ಕಾಟ ತಾಳಲಾರದೆ ಹೂಂ ಅಂದರು. ನಮ್ಮ ಬೀದಿಯ ಹಿಂದಿನ ಇಳಿಜಾರು ಮೊದಲು, ಅದು ಸರಿಹೋದರೆ ಉಳಿದ ಬೆಟ್ಟಗಳು.

ಶಾಲೆಯ ಸಭಾಂಗಣದಲ್ಲಿ ಊರವರನ್ನು ಸೇರಿಸಿ ಎಲ್ಲ ವಿವರಿಸಿದೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಜನ ನಾವಾಗಬಾರದು ಅಂತೆಲ್ಲ ಭಾಷಣ ಬಿಗಿದೆ. ಸೂರಿನ ಮೇಲಿನ ಎಲೆ ಗುಡಿಸಿ, ಗೋಡೆಗೊರಗಿಸಿದ ಸೌದೆ ದೂರ ಇಡಿ, ಮನೆಗೆ ತಾಗುವ ಕೊಂಬೆ ಕಡಿಯಿರಿ ಅಂತ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ದೊಡ್ಡ ಟೀಚರು ಮಾತ್ರ ಎದ್ದು ನಿಂತರು. ನನಗೂ ನಿನಗೂ ಅಕ್ಷರ ತಿದ್ದಿಸಿದವರು, ನಮ್ಮ ಎದುರು ಮನೆಯವರು, ಹಾಸಿಗೆ ಹಿಡಿದ ಅಕ್ಕನನ್ನು ಒಬ್ಬರೇ ನೋಡಿಕೊಂಡಿದ್ದವರು. ಗಾಳಿ ನಿನ್ನ ಮಾತು ಕೇಳದೆ ಹೋದರೆ ಏನು ಮಾಡ್ತೀಯ ಅಂತ ಕೇಳಿದರು. ನಾನು, "ನನ್ನ ಮನೆಯೂ ಅದೇ ಬೀದಿಯಲ್ಲಿದೆ ಟೀಚರ್. ನಿಮ್ಮದು ಸುಡೋ ಹಾಗಿದ್ರೆ ನನ್ನದು ಮೊದಲು ಸುಡುತ್ತೆ" ಅಂದೆ. ಸಭೆಯೆಲ್ಲ ನಕ್ಕಿತು. ಚಪ್ಪಾಳೆ ಬೇರೆ. ಟೀಚರು ಕೂತುಬಿಟ್ಟರು.

ಸುಡುವ ದಿನ ಎಲ್ಲ ಲೆಕ್ಕ ಹಾಕಿದ ಹಾಗೇ ನಡೆಯಿತು. ಮೀಸೆ ಅಂತ ಎಲ್ಲರೂ ಕರೆಯುವ ನಮ್ಮ ತಂಡದ ಮೇಸ್ತ್ರಿಯನ್ನು ನೀನು ನೋಡಿದ್ದೀ. ಅವನೂ ಅವನ ಹುಡುಗರೂ ಬೆನ್ನಿಗೆ ನೀರಿನ ಪಂಪು ಕಟ್ಟಿಕೊಂಡು ರೇಖೆಯುದ್ದಕ್ಕೂ ನಿಂತರು. ಮೇಲಿನಿಂದ ಹಚ್ಚಿ ಕೆಳಕ್ಕೆ ನಿಧಾನವಾಗಿ ತಂದೆವು. ಬೆಂಕಿ ಸಾಕಿದ ನಾಯಿಯ ಹಾಗೆ ಹೇಳಿದಲ್ಲಿ ನಿಂತಿತು. ಊರವರು ಬಂದು ಫೋಟೋ ತೆಗೆದುಕೊಂಡರು. ಸಂಜೆಗೆ ಇಳಿಜಾರು ಕಪ್ಪು ಚಾಪೆ ಹಾಸಿದ ಹಾಗಿತ್ತು. ಮರುದಿನವೂ ಸುತ್ತಾಡಿ, ಹೊಗೆಯಾಡುತ್ತಿದ್ದ ಬೊಡ್ಡೆಗಳಿಗೆಲ್ಲ ನೀರು ಹೊಯ್ದೆವು. ರೇಖೆಯ ಹತ್ತಿರ ಒಂದು ಸತ್ತ ಮರ ನಿಂತಿತ್ತು. ಮೀಸೆ ಅದರ ಕಾಂಡಕ್ಕೆ ಅಂಗೈ ಒತ್ತಿ ತಣ್ಣಗಿದೆ ಮೇಡಂ ಅಂದ. ನಾನೂ ಒತ್ತಿ ನೋಡಿದೆ. ತಣ್ಣಗೇ ಇತ್ತು. ಹುಡುಗರು ನಿದ್ದೆಗೆಟ್ಟಿದ್ದರು, ಮನೆಗೆ ಕಳಿಸಿದೆ.

ಆ ಮರ ಒಳಗೆ ಟೊಳ್ಳಾಗಿತ್ತು. ಬೆಂಕಿ ಒಳಗೆ ಕೂತಿತ್ತು.

ಮೂರನೇ ದಿನ ಮಧ್ಯಾಹ್ನ ಯಾವ ಮುನ್ಸೂಚನೆಯಲ್ಲೂ ಇಲ್ಲದ ಬಿಸಿಗಾಳಿ ಬೀಸಿತು. ನಾನು ಕಚೇರಿಯಲ್ಲಿ ಫೋನು ಹಿಡಿದು ನಿಂತಿದ್ದೆ. ಪಕ್ಕದ ವಲಯದ ಅಧಿಕಾರಿ ಅಭಿನಂದನೆ ಹೇಳುತ್ತಿದ್ದರು, ನಿಮ್ಮಿಂದ ನಮಗೂ ಧೈರ್ಯ ಬಂತು ಅನ್ನುತ್ತಿದ್ದರು. ಆಗ ಸೈರನ್ ಕೂಗಿತು. ಮರದ ನೆತ್ತಿ ಒಡೆದು ಕಿಡಿ ರೇಖೆ ದಾಟಿ, ನಾವು ಸುಡದೆ ಬಿಟ್ಟಿದ್ದ ಕಂದಕಕ್ಕೆ ಬಿದ್ದಿತ್ತು. ಆ ಕಂದಕ ನೇರ ಬರುವುದು ನಮ್ಮ ಬೀದಿಗೆ. ನಾವು ಅಲ್ಲಿಗೆ ಮುಟ್ಟುವಷ್ಟರಲ್ಲಿ ಕೊನೆಯ ಮನೆಗಳ ಸೂರು ಹತ್ತಿಕೊಂಡಿತ್ತು. ಪೊಲೀಸರು ಜನರನ್ನು ಹೊರಡಿಸುತ್ತಿದ್ದರು. ಮೀಸೆ ಟೀಚರ ಮನೆಗೆ ನುಗ್ಗಿ ಅವರ ಅಕ್ಕನನ್ನು ಬೆನ್ನ ಮೇಲೆ ಹೊತ್ತು ಹೊಗೆಯೊಳಗಿಂದ ಹೊರಬಂದ. ಅವನ ಮೀಸೆ ಅರ್ಧ ಸುಟ್ಟಿತು, ಉಳಿದರ್ಧವನ್ನು ಆಮೇಲೆ ತಾನೇ ಬೋಳಿಸಿಕೊಂಡ. ಈಗಲೂ ಎಲ್ಲರೂ ಅವನನ್ನು ಮೀಸೆ ಎಂದೇ ಕರೆಯುವುದು. ಅವನು ನಗುತ್ತಾನೆ, ನಾನು ಬೇರೆ ಕಡೆ ನೋಡುತ್ತೇನೆ.

ಕತ್ತಲಾಗುವ ಮುಂಚೆ ಗಾಳಿ ಬಿದ್ದಿತು. ಅಗ್ನಿಶಾಮಕದವರು ಕೆಳಗಿನ ಬೀದಿಗಳನ್ನು ಉಳಿಸಿದರು. ನಮ್ಮ ಬೀದಿ ಮುಗಿದಿತ್ತು.

ಬೆಳಗ್ಗೆ ಅಪ್ಪನೂ ನಾನೂ ನಡೆದುಕೊಂಡು ಹೋದೆವು. ಎರಡೂ ಕಡೆ ಗೋಡೆಗಳು ಮೊಂಡಾಗಿ ನಿಂತಿದ್ದವು. ಕರಗಿದ ನೀರಿನ ಕೊಳವೆ, ತಂತಿಯಷ್ಟೇ ಉಳಿದ ಹಾಸಿಗೆ, ಯಾರದೋ ಹೊಲಿಗೆ ಯಂತ್ರ. ತಿರುವು ದಾಟಿದರೆ ನಮ್ಮ ಮನೆ. ಪುಟ್ಟಕ್ಕ, ನಮ್ಮ ಮನೆಗೆ ಏನೂ ಆಗಿರಲಿಲ್ಲ. ಕಿಟಕಿಯ ಒಂದು ಗಾಜು ಬಿರುಕು ಬಿಟ್ಟಿತ್ತು. ಸೂರಿನ ಎಲೆ ಗುಡಿಸಿದ್ದೆ, ಕೊಂಬೆ ಕಡಿಸಿದ್ದೆ, ಅಪ್ಪ ಗೊಣಗುತ್ತಲೇ ಹಲಗೆಗಳನ್ನೆಲ್ಲ ಗೋಡೆಯಿಂದ ದೂರ ಸಾಗಿಸಿ ತಗಡು ಮುಚ್ಚಿದ್ದರು. ಸಭೆಯಲ್ಲಿ ಹೇಳಿದ್ದನ್ನು ಇಡೀ ಬೀದಿಯಲ್ಲಿ ಪಾಲಿಸಿದವಳು ನಾನೊಬ್ಬಳೇ. ಬೆಂಕಿ ಅಂಗಳದವರೆಗೆ ಬಂದು, ತಿನ್ನಲು ಏನೂ ಸಿಗದೆ ದಾಟಿ ಹೋಗಿತ್ತು. ಬೂದಿಯ ನಡುವೆ ಬಿಳಿ ಗೋಡೆ, ಹಸಿರು ಬಾಗಿಲು. ಅಪ್ಪ ಬೀಗ ತೆಗೆಯಲು ಹೋದರು. ನನಗೆ ಮೆಟ್ಟಿಲು ಹತ್ತಲಾಗಲಿಲ್ಲ. ಇದೂ ಸುಟ್ಟಿರಬಾರದಿತ್ತೇ ಅಂತ ಬಾಯಿ ಬಿಟ್ಟು ಹೇಳಿಬಿಟ್ಟೆ. ಮೂವತ್ತು ವರ್ಷ ನನ್ನ ಮೇಲೆ ದನಿ ಎತ್ತದ ನಿನ್ನ ಅಪ್ಪ ಆವತ್ತು ತಿರುಗಿ ನಿಂತು, "ಒಳಗೆ ಬಾ. ಮಲಗೋಕೆ ಜಾಗ ಇಲ್ಲದವರು ಬರ್ತಾರೆ, ಒಲೆ ಹಚ್ಚಬೇಕು" ಅಂದರು.

ಇಲ್ಲಿಗೆ ನಿಲ್ಲಿಸುತ್ತೇನೆ. ಕೈ ನೋಯುತ್ತಿದೆ.

ಜುಲೈ ೧೯

ನಿನ್ನೆ ಬರೆಯಲಾಗಲಿಲ್ಲ. ಇವತ್ತು ಅಪ್ಪ ಬಾಗಿಲುಗಳನ್ನು ಕೊಟ್ಟುಬರಲು ಗಾಡಿ ಮಾಡಿಕೊಂಡು ಹೋಗಿದ್ದಾರೆ. ಬೀದಿಯಲ್ಲಿ ಹೊಸದಾಗಿ ಏಳುವ ಮನೆಗಳಿಗೆಲ್ಲ ಬಾಗಿಲು ಕಿಟಕಿ ಮಾಡಿಕೊಡುವುದು ಅಂತ ತಾವಾಗಿಯೇ ಹಚ್ಚಿಕೊಂಡರು. ಯಾರೂ ಕೇಳಿರಲಿಲ್ಲ. ಹೆಂಡತಿ ಸುಡೋದು, ಗಂಡ ಕಟ್ಟೋದು, ಒಳ್ಳೆ ಜೋಡಿ ಅಂತ ಚಹದ ಅಂಗಡಿಯಲ್ಲಿ ಯಾರೋ ಅಂದರಂತೆ. ಅಪ್ಪ ಅದನ್ನು ಮನೆಗೆ ತಂದು ನನಗೇ ಹೇಳಿ ನಕ್ಕರು. ನಾನೂ ನಕ್ಕೆ. ನಗದೆ ಇರುವುದಕ್ಕೂ ಒಂದು ಹಕ್ಕು ಬೇಕಲ್ಲ.

ಬೆಂಕಿಯಾದ ಮರುದಿನ ನಮ್ಮ ಮನೆ ತುಂಬಿತು. ಒಂದೆರಡು ವಾರದಲ್ಲಿ ಎಲ್ಲರೂ ನೆಂಟರ ಮನೆಗೆ, ಬಾಡಿಗೆ ಮನೆಗೆ ಹೋದರು. ಟೀಚರಿಗೂ ಅವರ ಅಕ್ಕನಿಗೂ ಹೋಗಲು ಎಲ್ಲೂ ಇರಲಿಲ್ಲ, ನಿನ್ನ ಕೋಣೆಯಲ್ಲಿ ಉಳಿದರು. ದೊಡ್ಡಮ್ಮ ಅಂತ ನೀನು ಕರೆಯುತ್ತಿದ್ದೆಯಲ್ಲ, ಆ ಅಕ್ಕ ನಿನ್ನ ಮಂಚದ ಮೇಲೆ ಕಿಟಕಿಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ಹೊಗೆ ಕುಡಿದ ದಿನದಿಂದ ಉಸಿರು ಎಳೆಯುತ್ತಿತ್ತು. ಮಾತು ಮೊದಲೇ ಕಡಿಮೆ. ನಾನು ಗಂಜಿ ತೆಗೆದುಕೊಂಡು ಹೋದರೆ ಕೈ ಹಿಡಿದುಕೊಳ್ಳುತ್ತಿದ್ದರು. ಯಾರ ಕೈ ಅಂತ ಅವರಿಗೆ ಗೊತ್ತಿತ್ತೋ ಇಲ್ಲವೋ. ಏಪ್ರಿಲ್ ಮುಗಿಯುವ ಮುಂಚೆ ಆಸ್ಪತ್ರೆಯಲ್ಲಿ ತೀರಿಕೊಂಡರು. ವಯಸ್ಸು, ಹೃದಯ ಅಂತ ಡಾಕ್ಟರು ಬರೆದರು. ನಿನಗೆ ಫೋನಿನಲ್ಲಿ ಹೇಳುವಾಗ ಅಪ್ಪ ಅಷ್ಟನ್ನೇ ಹೇಳಿದ್ದು.

ಅದೇ ಹೊತ್ತಿಗೆ ವಿಚಾರಣೆ ನಡೆಯುತ್ತಿತ್ತು. ಮೀಸೆ ಹೋಗಿ, ಆ ಮರ ನೋಡಿದ್ದು ನಾನೊಬ್ಬನೇ, ಮೇಡಂ ಆ ಕಡೆ ಬಂದೇ ಇರಲಿಲ್ಲ ಅಂತ ಹೇಳಿಕೆ ಕೊಟ್ಟು ಬಂದಿದ್ದ. ನನಗೆ ಗೊತ್ತಾಗಿ ಸಮಿತಿಯ ಮುಂದೆ ಹೋಗಿ, ಸುಳ್ಳು, ನಾನೂ ಮುಟ್ಟಿ ನೋಡಿದ್ದೆ, ಹುಡುಗರನ್ನು ಕಳಿಸಿದ್ದೂ ನಾನೇ ಅಂದೆ. ಅವರು ಎರಡನ್ನೂ ಬರೆದುಕೊಂಡು, ಎರಡನ್ನೂ ಬದಿಗಿಟ್ಟರು. ದೊಡ್ಡಮ್ಮ ತೀರಿಕೊಂಡ ಮೇಲೆ ಹಾವೂ ಸಾಯದ ಕೋಲೂ ಮುರಿಯದ ವರದಿ ಬಂತು. ಅನಿರೀಕ್ಷಿತ ಗಾಳಿ, ಯಾರದೂ ವೈಯಕ್ತಿಕ ಲೋಪವಿಲ್ಲ, ಪ್ರಾಣಹಾನಿ ಇಲ್ಲ. ಸಾಹೇಬರು ಓದಿ, ಬದುಕಿದೆ ಬಿಡಮ್ಮ ಅಂತ ಪೆನ್ನು ಕೈಗೆ ಕೊಟ್ಟರು. ಸಹಿ ಹಾಕಿದೆ.

ಶಿಕ್ಷೆ ಆಗಿದ್ದರೆ ಬೀದಿಯಲ್ಲಿ ತಲೆ ಎತ್ತಿ ಓಡಾಡುತ್ತಿದ್ದೆನೇನೋ. ತಪ್ಪಿಲ್ಲ ಅಂದಮೇಲೆ ಎತ್ತಲಾಗಲಿಲ್ಲ. ಅಂಗಡಿಯಲ್ಲಿ ಸಾಲು ಬಿಟ್ಟು ನನ್ನನ್ನು ಮುಂದೆ ಕಳಿಸುತ್ತಿದ್ದರು. ನಮ್ಮ ಒಳ್ಳೇದಕ್ಕೇ ಮಾಡೋಕೆ ಹೋದೆ, ಹಣೆಬರಹ ಅನ್ನುತ್ತಿದ್ದರು. ಬೈದರೆ ಬೈಸಿಕೊಳ್ಳಬಹುದು. ಮರ್ಯಾದೆ ಕೊಟ್ಟರೆ ಎಲ್ಲಿ ಇಟ್ಟುಕೊಳ್ಳುವುದು?

ಮನೆಯೊಳಗೆ ಟೀಚರು ಹಾಗೇ. ಬೆಳಗ್ಗೆ ನನಗಿಂತ ಮೊದಲೇ ಎದ್ದು ಹಾಸಿಗೆ ಮಡಚಿ, ಲೋಟ ತೊಳೆದು ಬೋರಲು ಹಾಕಿರುತ್ತಿದ್ದರು. ನಾನು ಅವರಿಗಿಂತ ಮೊದಲು ಏಳಲು ನೋಡುತ್ತಿದ್ದೆ. ಇಬ್ಬರೂ ಒಬ್ಬರಿಗೊಬ್ಬರು ಸೇವೆ ಮಾಡುತ್ತಾ ಒಬ್ಬರ ಮುಖ ಒಬ್ಬರು ನೋಡದೆ ಒಂದು ತಿಂಗಳು ಕಳೆದೆವು. ಒಂದು ದಿನ ನಾನು ಅವರ ಚಪ್ಪಲಿ ಹೊಲಿಸಿಕೊಂಡು ತಂದು ಕಾಲ ಹತ್ತಿರ ಇಟ್ಟೆ. ಅವರು ಚಪ್ಪಲಿಯನ್ನೇ ನೋಡುತ್ತಾ, ಶಾಲೆಯ ಹಿಂದೆ ಒಂದು ಕೋಣೆ ಖಾಲಿ ಇದೆಯಂತೆ, ಹೋಗ್ತೀನಿ ಅಂದರು. ಇಲ್ಲಿ ಏನು ಕಡಿಮೆಯಾಯಿತು ಟೀಚರ್ ಅಂತ ಕೇಳಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಕಡಿಮೆ ಏನೂ ಇಲ್ಲ. ನಿನ್ನ ಮೇಲೆ ಸಿಟ್ಟು ಮಾಡ್ಕೊಳ್ಳೋಕೆ ನನಗೊಂದು ಜಾಗ ಬೇಕು. ನಿನ್ನ ಅನ್ನ ತಿಂದು, ನಿನ್ನ ಮಗಳ ಹಾಸಿಗೇಲಿ ಮಲಗಿ, ನಿನ್ನನ್ನ ಬೈಯೋದು ಹೇಗೆ?"

ನಾನು ಮಾಡುತ್ತಿದ್ದ ಉಪಚಾರ ಅವರ ಬಾಯಿಗೆ ಬಟ್ಟೆ ತುರುಕುವ ಕೆಲಸ ಅಂತ ನನಗೆ ಆ ಗಳಿಗೆಯವರೆಗೆ ಹೊಳೆದಿರಲಿಲ್ಲ. ಅಪ್ಪ ಗಾಡಿ ತಂದರು. ಇದ್ದದ್ದೇ ಎರಡು ಚೀಲ, ಅವರ ಅಕ್ಕನ ಊರುಗೋಲು. ಶಾಲೆಯ ಹಿಂದಿನ ಕೋಣೆಗೆ ಒಂದು ಮಂಚ, ಒಂದು ಮೇಜು ಹಾಕಿಕೊಟ್ಟು ಬಂದೆವು.

ಹತ್ತು ಹನ್ನೆರಡು ದಿನ ಕಳೆದಿರಬೇಕು. ಭಾನುವಾರ ಮಧ್ಯಾಹ್ನ ನಾನು ಅಂಗಳ ಗುಡಿಸುತ್ತಿದ್ದೆ. ಟೀಚರು ಬಿಸಿಲಲ್ಲಿ ನಡೆದುಕೊಂಡು ಬಂದು ಗೇಟಿನ ಹೊರಗೇ ನಿಂತರು. ಒಳಗೆ ಬನ್ನಿ ಅಂದೆ. ಬರಲ್ಲ ಅಂದರು. ಅಲ್ಲಿಂದಲೇ ಶುರು ಮಾಡಿದರು. ದನಿ ಎತ್ತಲಿಲ್ಲ, ಪಾಠ ಒಪ್ಪಿಸದ ಹುಡುಗಿಯನ್ನು ನಿಲ್ಲಿಸಿ ಕೇಳುವ ಹಾಗೆ ಒಂದೊಂದಾಗಿ ಕೇಳಿದರು. ಎರಡು ದಿನ ಕಾದವಳು ಇನ್ನೆರಡು ದಿನ ಯಾಕೆ ಕಾಯಲಿಲ್ಲ. ಕಂದಕ ಬೀದಿಗೇ ಬರುತ್ತೆ ಅಂತ ಗೊತ್ತಿದ್ದೂ ಅದನ್ನ ಯಾಕೆ ಬಿಟ್ಟೆ. ಅಭಿನಂದನೆ ಫೋನು ಬಂದಾಗ ಬೆಟ್ಟದ ಮೇಲೆ ಯಾರಿದ್ದರು. ಪೊರಕೆ ಹಿಡಿದು ನಿಂತಿದ್ದೆ.

"ನಾನು ಗಾಳಿ ಬಗ್ಗೆ ಕೇಳಿದಾಗ ನೀನು ಎಲ್ಲರನ್ನೂ ನಗಿಸಿದೆ. ನಗಿಸು ಅಂತ ನಾನು ಕೇಳಿರಲಿಲ್ಲ. ಆಯ್ತು, ಅದು ಹೋಗಲಿ. ಪುರಸಭೆ ಬಾಗಿಲಿಗೆ ಆ ವರದಿ ಅಂಟಿಸಿದಾರೆ, ಓದಿದೆ. ಪ್ರಾಣಹಾನಿ ಇಲ್ಲ ಅಂತಿದೆ. ನಮ್ಮಕ್ಕ ಏನು, ಮೇಜೋ ಕುರ್ಚಿಯೋ? ಅದರ ಕೆಳಗೆ ನಿನ್ನ ಸಹಿ ಇದೆ. ಸಹಿ ಮಾಡೋದನ್ನ ನಿನಗೆ ಕಲಿಸಿದವಳು ನಾನೇ."

ಇಷ್ಟು ಹೇಳಿ ಹೊರಟುಹೋದರು. ಕೊಟ್ಟಿಗೆಯಲ್ಲಿ ಹಲಗೆ ನುಣುಪು ಮಾಡುತ್ತಿದ್ದ ಅಪ್ಪನ ಉಜ್ಜುಗೊರಡಿನ ಸದ್ದು ನಿಂತಿತ್ತು. ಅವರೂ ಎಲ್ಲ ಕೇಳಿಸಿಕೊಂಡಿದ್ದರು. ನೆಲ ಬಿರಿದು ನುಂಗಬಾರದೇ ಅನ್ನುತ್ತಾರಲ್ಲ, ಹಾಗೆ ಅನ್ನಿಸುವಾಗ ನೆಲ ಎಷ್ಟು ಗಟ್ಟಿಯಾಗಿರುತ್ತದೆ ಅಂತ ಆವತ್ತು ತಿಳಿಯಿತು. ಆದರೆ ಒಂದು ಮಾತು ನಿಜ ಹೇಳುತ್ತೇನೆ. ಬೆಂಕಿಯಾದ ಮೇಲೆ ಮೊದಲ ಸಲ ಆವತ್ತು ಹೊಟ್ಟೆ ತುಂಬ ಉಂಡೆ.

ಸೋಮವಾರ ಸಾಹೇಬರ ಹತ್ತಿರ ಹೋಗಿ ಸಹಿ ವಾಪಸು ತೆಗೆದುಕೊಳ್ಳುತ್ತೇನೆ ಅಂದೆ. ಅವರು ಒಳ್ಳೆಯವರು, ಕೂರಿಸಿ ತಿಳಿಹೇಳಿದರು. ಡಾಕ್ಟರ ಸರ್ಟಿಫಿಕೇಟ್ ಇದೆ, ಮುದುಕಿ ನಾಲ್ಕು ವರ್ಷದಿಂದ ಹಾಸಿಗೆಯಲ್ಲಿದ್ದರು, ನೀನೇ ಸಾವು ತಂದು ತಲೆ ಮೇಲೆ ಹಾಕಿಕೊಂಡರೆ ಇನ್ನು ಯಾವ ಬೆಟ್ಟದಲ್ಲೂ ಯಾರೂ ಸುಡಲು ಬಿಡುವುದಿಲ್ಲ, ನೀನು ಜೀವ ತೇದ ಕೆಲಸ ನಿನ್ನ ಕೈಯಿಂದಲೇ ಸಾಯುತ್ತದೆ ಅಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ಏಳಲು ಅಷ್ಟು ಹೊತ್ತು ಹಿಡಿಯಿತು. ಕೊನೆಗೆ ಎದ್ದೆ. ಹೊಗೆ ಕುಡಿಯುವ ಮುಂಚೆ ಆಕೆ ಹೇಗಿದ್ದರು, ಆಮೇಲೆ ನಮ್ಮ ಮನೆಯಲ್ಲಿ ಹೇಗಿದ್ದರು, ಕಂಡಷ್ಟನ್ನು ಬರೆದು ಮೇಲಿನ ಕಚೇರಿಗೆ ನೇರ ಕಳಿಸಿದೆ. ಮೀಸೆಯೂ ಸಾಕ್ಷಿ ಹಾಕಿದ. ಸುಮ್ಮನಿರು, ನಿನ್ನ ಕೆಲಸ ಹೋದೀತು ಅಂದರೆ, ಹೊತ್ತವನು ನಾನು ಮೇಡಂ, ಬೆನ್ನ ಮೇಲೆ ಅವರು ಕೆಮ್ಮಿದ್ದು ನನಗೆ ಗೊತ್ತು ಅಂದ.

ಕಳೆದ ತಿಂಗಳು ತಿದ್ದಿದ ವರದಿ ಬಂತು. ಒಂದೇ ಸಾಲು ಸೇರಿಸಿದ್ದಾರೆ. ಆಕೆಯ ಹೆಸರು, ವಯಸ್ಸು, ಹೊಗೆಯಿಂದ ಉಲ್ಬಣಿಸಿದ ಕಾಯಿಲೆಯಿಂದ ಸಾವು. ಅದರ ಪ್ರತಿಯನ್ನು ಟೀಚರ ಕೋಣೆಗೆ ನಾನೇ ಕೊಂಡುಹೋದೆ. ಓದಿದರು. ಕನ್ನಡಕ ತೆಗೆದು ಒರೆಸಿ, ಇನ್ನೊಮ್ಮೆ ಓದಿದರು. ಕೂತುಕೋ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಪ್ರತಿಯನ್ನು ಅವರ ಕೈಯಲ್ಲೇ ಬಿಟ್ಟು ಬಂದೆ. ಈಗ ದಾರಿಯಲ್ಲಿ ಸಿಕ್ಕರೆ ಮುಖ ನೋಡುತ್ತಾರೆ. ಮಾತಿಲ್ಲ. ನನಗೆ ಅಷ್ಟು ಸಾಕು, ಹೆಚ್ಚು ಕೇಳುವ ಮುಖ ನನಗಿಲ್ಲ.

ಸಾಹೇಬರು ಹೇಳಿದ್ದೂ ಆಯಿತು. ಇನ್ನು ಮುಂದೆ ಯಾವ ಬೆಟ್ಟದಲ್ಲೂ ಯಾವ ಕಾಲದಲ್ಲೂ ಕಡ್ಡಿ ಗೀರುವಂತಿಲ್ಲ ಅಂತ ಸುತ್ತೋಲೆ ಬಂದಿದೆ. ನನ್ನನ್ನು ಸಸಿ ಬೆಳೆಸುವ ವಿಭಾಗಕ್ಕೆ ಹಾಕಿದ್ದಾರೆ. ಚೀಲಕ್ಕೆ ಮಣ್ಣು ತುಂಬಿಸುವುದು, ನೀರು ಹಾಕಿಸುವುದು. ಕೆಟ್ಟ ಕೆಲಸವಲ್ಲ. ಆದರೆ ತಲೆ ಎತ್ತಿದರೆ ಎದುರಿಗೆ ಆಚೆ ಬೆಟ್ಟ ಕಾಣುತ್ತದೆ. ಅಲ್ಲಿ ತರಗು ಬೀಳುತ್ತಲೇ ಇದೆ, ಅದರ ಕೆಳಗೆ ಇನ್ನೊಂದು ಊರಿದೆ. ನಾನು ಹೇಳುತ್ತಿದ್ದದ್ದು ಸರಿ ಅಂತ ಈಗಲೂ ನಂಬಿದ್ದೇನೆ. ಸರಿಯಾದ ಮಾತನ್ನು ಇನ್ನು ಇಪ್ಪತ್ತು ವರ್ಷ ಯಾರೂ ಬಾಯಿ ಬಿಟ್ಟು ಹೇಳದ ಹಾಗೆ ಮಾಡಿದವಳೂ ನಾನೇ. ನನ್ನ ಮನೆ ಸುಡದೆ ಉಳಿದದ್ದಕ್ಕಿಂತ ಇದಕ್ಕೆ ನನಗೆ ಹೆಚ್ಚು ನಾಚಿಕೆ. ನಾಳೆ ನೀನು ಈ ಕೆಲಸಕ್ಕೇ ಬರುವವಳು. ನಿನ್ನ ಬಾಯನ್ನೂ ಕಟ್ಟಿಹಾಕಿದೆನಲ್ಲ ಅಂತ ಒಮ್ಮೊಮ್ಮೆ ಮಣ್ಣಿನ ಚೀಲದ ಮುಂದೆ ಕೂತಲ್ಲೇ ಕೂತಿರುತ್ತೇನೆ.

ಇಷ್ಟೇ ಮಗಳೇ. ನಿನ್ನ ಕೋಣೆ ಗುಡಿಸಿ ಒರೆಸಿದ್ದೇನೆ. ಕಿಟಕಿಯ ಬಿರುಕು ಗಾಜನ್ನು ಅಪ್ಪ ಬದಲಾಯಿಸಿದರು. ಓಟದಲ್ಲಿ ಕಾಲು ಉಳುಕಿದರೆ ಮುಚ್ಚಿಡಬೇಡ. ಹಾಸ್ಟೆಲ್ಲಿನ ನಲ್ಲಿಗೆ ಒಂದು ರಬ್ಬರಿನ ಬಿಲ್ಲೆ ಹಾಕಿದರೆ ಸೋರುವುದು ನಿಲ್ಲುತ್ತದಂತೆ, ಅಪ್ಪ ಒಂದನ್ನು ಈ ಲಕೋಟೆಯಲ್ಲೇ ಇಟ್ಟಿದ್ದಾರೆ. ನೀನು ಹಾಕುವ ಹೆಜ್ಜೆಗೆ ನೆಲ ಗಟ್ಟಿಯಾಗಿರಲಿ, ನಿನ್ನ ಮೇಲೆ ಬೀಸುವ ಗಾಳಿ ತಂಪಾಗಿರಲಿ. ನಮ್ಮಿಬ್ಬರ ಆಶೀರ್ವಾದ ಯಾವಾಗಲೂ ನಿನ್ನ ತಲೆಯ ಮೇಲಿದೆ.

ನಿನ್ನ
ಅಮ್ಮ

ಮತ್ತೊಂದು ಮಾತು. ಬರೆಯಬಾರದು ಅಂತಿದ್ದೆ, ಲಕೋಟೆ ಅಂಟಿಸುವ ಮುಂಚೆ ಮತ್ತೆ ತೆಗೆದೆ. ನಿಮಗೆ ಬೆಂಕಿಯ ಪಾಠ ಮಾಡುವ ಮೇಷ್ಟ್ರು ನನ್ನ ಜೊತೆ ನೌಕರಿಗೆ ಸೇರಿದವರು ಅಂತ ನಿನಗೆ ಗೊತ್ತಿರಲಿಕ್ಕಿಲ್ಲ. ಹೋದ ತಿಂಗಳು ಸಸಿ ನೋಡಲು ಬಂದಿದ್ದರು. ತರಗತಿಯಲ್ಲಿ ನಮ್ಮ ಬೀದಿಯ ಚಿತ್ರ ಪರದೆಯ ಮೇಲೆ ತೋರಿಸಿದರಂತೆ, ಬೂದಿಯ ನಡುವೆ ನಮ್ಮ ಮನೆ. ನಿನ್ನ ಪಕ್ಕದ ಹುಡುಗಿ, ಇದು ನಿಮ್ಮೂರಲ್ವಾ, ಆ ಅಧಿಕಾರಿ ನಿನಗೆ ಗೊತ್ತಾ ಅಂತ ಕೇಳಿದಳಂತೆ. ಗೊತ್ತಿಲ್ಲ, ನಮ್ಮ ಮನೆ ಊರಿನ ಆ ಕಡೆ ಅಂತ ನೀನು ಹೇಳಿದೆಯಂತೆ. ನಿನ್ನ ಮಗಳು ಗಟ್ಟಿಗಿತ್ತಿ, ಮುಖ ಒಂದಿಷ್ಟೂ ಅಲುಗಲಿಲ್ಲ ಅಂತ ಅವರು ಮೆಚ್ಚುಗೆಯಿಂದಲೇ ಹೇಳಿದರು. ನಾನು ಅವರಿಗೆ ಚಹ ಮಾಡಿಕೊಟ್ಟೆ.

ನೀನು ತಪ್ಪು ಮಾಡಿದೆ ಅಂತ ಹೇಳುತ್ತಿಲ್ಲ. ಆ ಬೆಂಚಿನ ಮೇಲೆ, ಆ ವಯಸ್ಸಿನಲ್ಲಿ ನಾನಿದ್ದರೂ ಹಾಗೇ ಹೇಳುತ್ತಿದ್ದೆನೇನೋ. ನನಗೇನೂ ಬೇಜಾರಿಲ್ಲ ಅಂತ ಒಂದು ಸಾಲು ಬರೆದು ಹೊಡೆದುಹಾಕಿದ್ದೇನೆ, ನಿನಗೆ ಕಾಣುತ್ತದೆ. ಇನ್ನೊಮ್ಮೆ ಯಾರಾದರೂ ಕೇಳಿದರೆ, ನಿನ್ನ ಕೈಲಾದರೆ, ನಮ್ಮಮ್ಮ ಅನ್ನು. ಆಗದಿದ್ದರೆ ಸುಮ್ಮನಿದ್ದುಬಿಡು. ಗೊತ್ತಿಲ್ಲ ಅಂತ ಮಾತ್ರ ಅನ್ನಬೇಡ.